ಎರಡು ಬಣ್ಣವೂ ಕಾಣಬೇಕು

ನಮ್ಮ ಮನೆಯವರು ಬಿಚ್ಚಿ ಜೋಡಿಸಿದ ಎಂಜಿನ್ ಹೊಗೆ ಬಿಡುವುದಿಲ್ಲ ಎಂದು ವಿಜಯನಗರದಲ್ಲಿ ಒಂದು ಮಾತಿತ್ತು. ಇಡೀ ವಿಜಯನಗರದಲ್ಲಿ ಎಂದರೆ ಸುಳ್ಳಾದೀತು, ನಮ್ಮ ಸುತ್ತಿನ ಮೂರ್ನಾಲ್ಕು ಕ್ರಾಸುಗಳಲ್ಲಿ ಅಂತಿಟ್ಟುಕೊಳ್ಳಿ. ಬೋರ್ಡೂ ಇಲ್ಲದ ಅವರ ಬೈಕ್ ಗ್ಯಾರೇಜು ನಡೆಯುತ್ತಿದ್ದದ್ದೇ ಆ ಮಾತಿನ ಮೇಲೆ. ಪಂಕ್ಚರು, ಸರ್ವೀಸು ಯಾವ ಮೂಲೆಯಲ್ಲಾದರೂ ಆಗುತ್ತದೆ. ಎಂಜಿನ್ ಇಳಿಸಬೇಕಾದಾಗ ಮಾತ್ರ ಜನ ಹೆಸರು ವಿಚಾರಿಸಿಕೊಂಡು ಬರುತ್ತಾರೆ. ಆ ಹೆಸರು ಹೋದರೆ ಶಟರ್ ಎಳೆದು ಮನೆಗೆ ಬರಬೇಕಷ್ಟೆ. ಎಳೆಯುವ ಹಾಗಾದದ್ದು ಅವರಿಗೆ ನಲವತ್ತೇಳಾದ ವರ್ಷ.

ಹೊಸಹಳ್ಳಿ ಕಡೆಯ ಗುಮಾಸ್ತರೊಬ್ಬರಿದ್ದರು. ಹದಿನೈದು ವರ್ಷದಿಂದ ಅವರಿಗೆ ಒಂದೇ ಬೈಕು, ಒಂದೇ ಗ್ಯಾರೇಜು, ನಮ್ಮದು. ನಮ್ಮ ಮನೆಯವರು ಆ ಬೈಕಿನ ಎಂಜಿನ್ ಇಳಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿ ಕೊಟ್ಟರು. ವಾರ ಕಳೆಯುವುದರೊಳಗೆ ಬೈಕು ನೀಲಿ ಹೊಗೆ ಬಿಡುತ್ತಾ ವಾಪಸ್ ಬಂತು. “ಸ್ವಲ್ಪ ಓಡ್ಲಿ ಸಾರ್, ರಿಂಗ್ ಸೆಟ್ ಆಗತ್ತೆ” ಎಂದು ಕಳಿಸಿದರು. ಆಗಲಿಲ್ಲ. ಮತ್ತೆ ಬಿಚ್ಚಿ, ಮಾಲೇ ಸರಿಯಿಲ್ಲ ಎಂದು ಬಿಡಿಭಾಗದ ಅಂಗಡಿಯವರಿಗೆ ಬೈದು, ಬೇರೆ ರಿಂಗ್ ತಂದು ಹಾಕಿದರು. ಮತ್ತೆ ಹೊಗೆ. “ಇನ್ನೊಂದ್ಸಲ ಹಿಂಗಾದ್ರೆ ನಾನು ಬೇರೆ ಕಡೆ ನೋಡ್ಕೋತೀನಿ” ಎಂದರಂತೆ ಗುಮಾಸ್ತರು. ಇದನ್ನು ನಮ್ಮ ಮನೆಯವರು ನನಗೆ ಹೇಳಿದ್ದು ತಟ್ಟೆ ನೋಡುತ್ತಾ.

ನನಗೆ ಕಾರಣ ಗೊತ್ತಿತ್ತು. ಆರು ತಿಂಗಳಿಂದ ಅವರು ಪೇಪರನ್ನು ಕೈ ಚಾಚಿ ಹಿಡಿದು ಓದುತ್ತಿದ್ದರು. ಕೈ ಇನ್ನೂ ಉದ್ದ ಇದ್ದಿದ್ದರೆ ಇನ್ನೂ ದೂರ ಹಿಡಿಯುತ್ತಿದ್ದರು.

“ರೀ, ನಿಮಗೆ ಚಾಳೀಸು ಬಂದಿದೆ. ಕಣ್ಣು ತೋರಿಸ್ಕೊಳ್ಳಿ” ಎಂದೆ.

“ನಾನೇನು ಮುದುಕನಾ? ನನ್ನ ಕಣ್ಣಿರೋದು ಬೆರಳಲ್ಲಿ ಕಣೇ.”

ಆಮೇಲೆ ಮಾಗಡಿ ರಸ್ತೆಯ ಫುಟ್‌ಪಾತಿನಲ್ಲಿ ಒಂದು ಕನ್ನಡಕ ಕೊಂಡರು. ಎರಡು ದಿನ ಜೇಬಿನಲ್ಲಿತ್ತು. ಬಗ್ಗಿದರೆ ಜಾರುತ್ತದಂತೆ, ಗ್ರೀಸು ಮೆತ್ತಿಕೊಳ್ಳುತ್ತದಂತೆ. ನಿಜ ಸಂಗತಿ ಅದಲ್ಲ. ಕನ್ನಡಕ ಹಾಕಿದ ಮೆಕ್ಯಾನಿಕ್ಕನ್ನು ಕಂಡರೆ ಗಿರಾಕಿಗಳಿಗೆ ಅನುಮಾನ ಬರುತ್ತದೆ ಎಂಬ ಹೆದರಿಕೆ. ಮದುವೆಯಾದಾಗಿನಿಂದ ನನ್ನನ್ನು ಸೋಡಾಬುಡ್ಡಿ ಎಂದು ಆಡಿಕೊಂಡ ಮನುಷ್ಯ ಬೇರೆ. ಅವರ ಪೇಚಾಟ ನೋಡಿ ನನಗೆ ಸ್ವಲ್ಪ ಖುಷಿಯೂ ಆಯಿತು, ಮುಚ್ಚಿಡುವುದೇನಿದೆ.

ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಬಂದವರು ಬಟ್ಟೆಯಲ್ಲಿ ಸುತ್ತಿದ ಏನನ್ನೋ ನನ್ನ ಹೊಲಿಗೆ ಮೆಷಿನ್ನಿನ ಮೇಲಿಟ್ಟರು. ಗುಮಾಸ್ತರ ಬೈಕಿನ ಪಿಸ್ಟನ್ನು, ರಿಂಗ್ ಸಮೇತ. “ಇದನ್ನ ಸ್ವಲ್ಪ ನೋಡು” ಎಂದರು, ನನ್ನ ಕಡೆ ನೋಡದೆ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನಗೆ ದೂರದ್ದು ಮಸುಕು, ಆದರೆ ಕನ್ನಡಕ ತೆಗೆದು ಹತ್ತಿರ ಹಿಡಿದರೆ ಸೂಜಿಯ ಕಣ್ಣೂ ಬಾಗಿಲಿನ ಹಾಗೆ ಕಾಣುತ್ತದೆ. ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಏನು ನೋಡಬೇಕೆಂದು ಅವರೇ ಹೇಳಿಕೊಟ್ಟರು. ಪಿಸ್ಟನ್ನಿನ ಸುತ್ತ ಮೂರು ಕಾಲುವೆ ಕೊರೆದಿರುತ್ತಾರೆ. ಕೆಳಗಿನದರಲ್ಲಿ ಕೂರುವುದು ಆಯಿಲ್ ರಿಂಗು. ಹೆಸರಿಗೆ ಒಂದು, ಇರುವುದು ಮೂರು ತುಂಡು: ನಡುವೆ ಅಲೆಅಲೆಯಾದ ಸ್ಪ್ರಿಂಗು, ಅದರ ಮೇಲೊಂದು ಕೆಳಗೊಂದು ತೆಳ್ಳನೆಯ ಉಕ್ಕಿನ ಬಳೆ. ಸಿಲಿಂಡರಿನ ಗೋಡೆಗೆ ಹತ್ತಿದ ಎಣ್ಣೆಯನ್ನು ಬಳಿದು ಕೆಳಗೆ ಕಳಿಸುವುದು ಇವುಗಳ ಕೆಲಸ. ಸ್ಪ್ರಿಂಗಿನ ಎರಡು ತುದಿ ಮುಖಕ್ಕೆ ಮುಖ ತಾಗಿರಬೇಕು. ಒಂದರ ಮೇಲೊಂದು ಹತ್ತಿಕೊಂಡರೆ ರಿಂಗು ಸಡಿಲವಾಗಿ, ಎಣ್ಣೆ ಮೇಲೇರಿ ಸುಟ್ಟು ಹೊಗೆಯಾಗುತ್ತದೆ. ಅದಕ್ಕೇ ತುದಿಗಳಿಗೆ ಬಣ್ಣ ಹಚ್ಚಿರುತ್ತಾರೆ, ಒಂದಕ್ಕೆ ಹಸಿರು, ಇನ್ನೊಂದಕ್ಕೆ ಕಿತ್ತಳೆ.

“ಎರಡೂ ಬಣ್ಣ ಕಾಣ್ಬೇಕು” ಎಂದರು.

“ಹಸಿರು ಕಾಣ್ತಿದೆ. ಇನ್ನೊಂದು ಅದರ ಅಡಿಗೆ ಹೋಗಿದೆ.”

ಪಿಸ್ಟನ್ನು ಕಿತ್ತುಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು, ಬೆರಳಾಡಿಸಿದರು. ಆ ಕೂದಲೆಳೆಯಷ್ಟು ಉಬ್ಬು ಬೆರಳಿಗೂ ಸಿಗಲಿಲ್ಲ. ಹೇಳಿರಲಿಲ್ಲವೇ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಅಯ್ಯೋ ಅನ್ನಿಸಿತು.

ಅವತ್ತು ಹೊಸ ರಿಂಗನ್ನು ನಾನೇ ಹಾಕಿದೆ. ಸ್ಪ್ರಿಂಗಿನ ತುದಿಗಳನ್ನು ಉಗುರಿನಿಂದ ಒತ್ತಿ ಹಿಡಿದು ಬಳೆ ತೂರಿಸಬೇಕು. ಅಷ್ಟರಲ್ಲಿ ಒಂದು ತುದಿ ಛಂಗನೆ ಹಾರಿ ಇನ್ನೊಂದರ ಮೇಲೆ ಕೂರುತ್ತದೆ. ಮೂರನೇ ಸಲಕ್ಕೆ ಮಾತು ಕೇಳಿತು. ಬಳೆಗಳ ಸೀಳು ಒಂದೇ ನೇರಕ್ಕೆ ಬರಬಾರದು ಎಂದರು, ಒಂದನ್ನು ಅತ್ತ, ಒಂದನ್ನು ಇತ್ತ ತಿರುಗಿಸಿದೆ. ಎರಡು ಬಣ್ಣವೂ ಕಾಣುತ್ತಿದ್ದವು. ಗ್ಯಾರೇಜಿಗೆ ಒಯ್ದು ಎಂಜಿನ್ ಕಟ್ಟಿದರು. ಹೊಗೆ ನಿಂತಿತು.

ಅಲ್ಲಿಂದ ಮುಂದೆ ಊಟದ ಚೀಲದಲ್ಲಿ ಪಿಸ್ಟನ್ನುಗಳು ಮನೆಗೆ ಬರತೊಡಗಿದವು. ಬ್ಲೌಸ್ ಅಳತೆಗೆ ಬಂದವರು “ಇದೇನ್ ಆಂಟಿ?” ಎಂದರೆ, ಬಟ್ಟೆ ಹಾರದಿರಲಿ ಅಂತ ಇಟ್ಟಿದೀನಿ ಎನ್ನುತ್ತಿದ್ದೆ. ಮೊದಮೊದಲು ಈ ಗುಟ್ಟು ನನಗೂ ರುಚಿಸಿತ್ತು. ಬರಬರುತ್ತಾ ಸಿಟ್ಟು ಬರತೊಡಗಿತು. “ಇವತ್ತೂ ಒಬ್ರು ಹೊಗಳಿ ಹೋದ್ರು” ಎಂದು ಹೇಳಿಕೊಂಡು ಇನ್ನೊಂದು ಸೌಟು ಅನ್ನ ಹಾಕಿಸಿಕೊಳ್ಳುತ್ತಿದ್ದರು. ಹಾಕುತ್ತಿದ್ದೆ. ಒಬ್ಬರ ಮುಂದಾದರೂ ನನ್ನ ಹೆಸರು ಎತ್ತಬಾರದೇ ಎಂದು ಒಳಗೇ ಕುದಿಯುತ್ತಿದ್ದೆ, ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಅವರ ಕಣ್ಣಿನ ವಿಷಯ ಬೀದಿಗೆ ಬರುತ್ತದೆ ಎಂಬುದೂ ಗೊತ್ತಿತ್ತು.

ಹೀಗೇ ಒಂದು ವರ್ಷ ಕಳೆಯಿತು. ಒಂದು ದಿನ ಮನೆಯ ಬೀಗದ ಕೈ ಕೊಡಲು ಗ್ಯಾರೇಜಿಗೆ ಹೋದೆ. ಗುಮಾಸ್ತರು ಬ್ರೇಕ್ ಬಿಗಿ ಮಾಡಿಸಿಕೊಂಡು ಹೊರಡುವುದರಲ್ಲಿದ್ದರು.

“ನಿಮ್ಮ ಯಜಮಾನರ ಕೈಗೆ ಚಿನ್ನದ ಕಡಗ ಹಾಕಿಸ್ಬೇಕಮ್ಮಾ” ಎಂದರು. “ವರ್ಷ ಆಯ್ತು, ಒಂದು ಚೂರು ಹೊಗೆ ಇಲ್ಲ.”

ನಾನು ನಗುವ ಶಾಸ್ತ್ರ ಮಾಡಿದೆ. ನಮ್ಮ ಮನೆಯವರು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದವರು ತಲೆ ಎತ್ತಿ, “ರಿಂಗ್ ಹಾಕಿದ್ದು ಇವಳು ಸಾರ್. ನಂಗೆ ಹತ್ರದ್ದು ಕಾಣಲ್ಲ” ಎಂದುಬಿಟ್ಟರು.

ಗುಮಾಸ್ತರು ಜೋರಾಗಿ ನಕ್ಕರು. ನಾವಿಬ್ಬರೂ ನಗಲಿಲ್ಲ. ಗುಮಾಸ್ತರು ನನ್ನ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ನೋಡಿದರು, ಆಮೇಲೆ ತಮ್ಮ ಬೈಕಿನ ಕಡೆ ನೋಡಿದರು.

“ಅಲ್ಲಾ... ಹಂಗಾದ್ರೆ ಒಂದ್ಸಲ ಬಿಚ್ಚಿ ನೋಡ್ಬಿಡಿ. ನೀವೇ ನೋಡಿ. ನಂಗೂ ಒಂದು ಸಮಾಧಾನ.”

“ಬಿಚ್ಚಿದ್ರೂ ನೋಡೋಳು ಇವಳೇ ಸಾರ್” ಎಂದರು ನಮ್ಮ ಮನೆಯವರು.

ಗುಮಾಸ್ತರು ಹೆಲ್ಮೆಟ್ ಹಾಕಿಕೊಂಡು ಹೊರಟರು. ನಮ್ಮ ಮನೆಯವರ ಕೈ ಇನ್ನೂ ಒದ್ದೆಯಿತ್ತು, ಬೀಗದ ಕೈಯನ್ನು ನಾನೇ ಅವರ ಜೇಬಿಗೆ ಹಾಕಿದೆ.

ಈಗ ಪಿಸ್ಟನ್ನು ಮನೆಗೆ ಬರುವುದಿಲ್ಲ, ನಾನೇ ಗ್ಯಾರೇಜಿಗೆ ಹೋಗಿ ಎಲ್ಲರೆದುರು ಸ್ಟೂಲಿನ ಮೇಲೆ ಕೂತು ಹಾಕಿ ಬರುತ್ತೇನೆ. ಎಂಜಿನ್ ಕೆಲಸ ಮೊದಲಿನಷ್ಟಿಲ್ಲ. ಗುಮಾಸ್ತರು ಆಮೇಲೆ ಆ ಕಡೆ ತಲೆ ಹಾಕಿಲ್ಲ. ಮೊನ್ನೆ ತಡೆಯಲಾರದೆ ಕೇಳಿದೆ, “ಯಾಕಾದ್ರೂ ಹೇಳಿದ್ರಿ? ಹದಿನೈದು ವರ್ಷದ ಗಿರಾಕಿ.”

“ಹೊಗೆ ಬಂದ್ರೆ ಬರ್ತಾರೆ ಬಿಡು” ಎಂದರು.

ಹೊಗೆ ಬರುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತು.