ಗೋಡೆಯ ರುಚಿ ಬಲ್ಲವರು
ಹೊಸಪೇಟೆಗೆ ಕರೆಂಟು ಬಂದದ್ದೇ ಬಂದದ್ದು, ಕಬ್ಬಿಣದ ಅಂಗಡಿ ಅಂದಾನಪ್ಪನವರು ವ್ಯಾಪಾರಿಯಾಗಿ ಉಳಿಯಲಿಲ್ಲ, ಗೋಡೆಗಳ ವೈದ್ಯರಾಗಿಬಿಟ್ಟರು. ಕರೆಂಟಿನ ಪೆಟ್ಟಿಗೆ ಕೂರಿಸಲು ನಾಲ್ಕು ತಿರುಪುಮೊಳೆ ಕೇಳಿದರೆ, ಮದರಾಸಿನಿಂದ ತರಿಸಿದ ಮೊಳೆಗಳ ಡಬ್ಬಿಯನ್ನು ಹಿಂದಕ್ಕೆ ಸರಿಸಿ, “ಗ್ವಾಡಿ ತಂದೀರೇನು?” ಎಂದು ಕೈ ಚಾಚುವರು. ಹೀಗಾಗಿ ಜನ ಪೆಟ್ಟಿಗೆ ಕೂರಿಸುವ ಜಾಗವನ್ನು ಕೆರೆದು, ಆ ಚೂರನ್ನು ಪ್ರಸಾದದಂತೆ ಎಲೆಯಲ್ಲಿ ಕಟ್ಟಿ ತರುತ್ತಿದ್ದರು. ಅಂದಾನಪ್ಪನವರು ಕಣ್ಣು ಮುಚ್ಚಿ, ಚಿಟಿಕೆ ನಾಲಿಗೆಗಿಟ್ಟು, ಮೂರು ಸಲ ಚಪ್ಪರಿಸಿ ತೀರ್ಪು ಕೊಡುವರು: ಗಾರೆಯಾದರೆ ಒಂದೂವರೆ ಇಂಚು, ಮಣ್ಣಾದರೆ ಮೂರು ಇಂಚು, ಜೊತೆಗೆ ಮೊದಲು ಗೋಡೆಗೆ ಬಡಿಯಲು ಸಾಗುವಾನಿ ಗೂಟ. ಕಂಪ್ಲಿಯ ಗಿರಣಿ ಜಡೆಪ್ಪ ಅವಸರಕ್ಕೆ ಅಂಗಡಿಯ ಪಕ್ಕದ ಮನೆಯ ಗೋಡೆ ಕೆರೆದು ತಂದಾಗ, “ಇದು ನಿಮ್ದಲ್ಲ ಬಿಡ್ರಿ. ಇದರಾಗ ಬೆಲ್ಲ ಐತಿ. ನಿಮ್ಮಪ್ಪ ಗಾರಿ ಗಟ್ಟಿ ಆಗ್ಲಿ ಅಂತ ಬೆಲ್ಲಕ್ಕ ರೊಕ್ಕ ಬಿಚ್ಚೋ ಮನಷ್ಯಾ ಅಲ್ಲ” ಎಂದು ಬರಿಗೈಲಿ ಕಳಿಸಿದ್ದರು. ಇಷ್ಟಾದರೂ ಅವರ ಸ್ವಂತ ಮನೆಯಲ್ಲಿ ಇನ್ನೂ ಚಿಮಣಿ ದೀಪವೇ. ಒಂದು ಮಧ್ಯಾಹ್ನ ಹೆಂಡತಿ ಅಕ್ಕನಾಗಮ್ಮ ಬುತ್ತಿಯ ಜೊತೆಗೆ ಎಲೆಯ ಪೊಟ್ಟಣವೊಂದನ್ನೂ ಗಾದಿಯ ಮೇಲಿಟ್ಟರು. ಯಾರದೆಂದು ಕೇಳುವ ಅಭ್ಯಾಸ ವೈದ್ಯರಿಗಿರಲಿಲ್ಲ. ಕಣ್ಣು ಮುಚ್ಚಿ ಚಪ್ಪರಿಸಿದವರೇ ಮುಖ ಕಿವಿಚಿದರು. “ಥೂ! ಗೆದ್ದಲು ಹತ್ತಿ ಭಾಳ ವರ್ಷ ಆಗೇತಿ. ಇದಕ್ಕ ಮೊಳದುದ್ದ ಮೊಳಿ ಬಡದ್ರೂ ನಿಂದ್ರಂಗಿಲ್ಲ. ಈ ಮನ್ಯಾಗ ಗಂಡಸ್ರು ಅನ್ನೋರು ಯಾರೂ ಇಲ್ಲೇನು?” “ಅದಾರ್ರಿ,” ಎಂದರು ಅಕ್ಕನಾಗಮ್ಮ, ಬುತ್ತಿಯ ಗಂಟು ಬಿಚ್ಚುತ್ತ, “ದಿನಾ ಅಂಗಡ್ಯಾಗ ಕುಂತು ಮಂದಿ ಗ್ವಾಡಿ ನೆಕ್ಕತಾರ.”