ಗಂಗಲಕ್ಷ್ಮಮ್ಮ ಒಂದು ಗಂಟೆ ಕೂತಿದ್ದು

ಬ್ಯಾಡರಹಳ್ಳಿಯ ಗಂಗಲಕ್ಷ್ಮಮ್ಮ ರಾಜಾಜಿನಗರದ ಒಂದು ಹೆರಿಗೆ ಆಸ್ಪತ್ರೆಗೆ ಆಯಾ ಆಗಿ ಸೇರಿ ಹನ್ನೊಂದು ವರ್ಷವಾಗಿತ್ತು. ಬಾಣಂತಿಯರ ವಾರ್ಡಿನ ಇಪ್ಪತ್ತೆರಡು ಮಂಚಕ್ಕೆ ಅವಳೊಬ್ಬಳೇ. ಜೊತೆಗಿದ್ದ ಶಿವಕ್ಕ ಕೆಲಸ ಬಿಟ್ಟ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಇನ್ನೊಬ್ಬಳನ್ನು ಕೊಡಿ ಎಂದಾಗಲೆಲ್ಲ ಮ್ಯಾನೇಜರ್ ಸೋಮಲಿಂಗಪ್ಪ "ನೋಡೋಣಮ್ಮ" ಎನ್ನುತ್ತಿದ್ದರು. ಎರಡು ವರ್ಷ ನೋಡಿದ್ದೇ ನೋಡಿದ್ದು.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಅವಳಿಗೆ ಎದೆ ಡವಗುಟ್ಟುವುದು ಶುರುವಾಯಿತು. ಬಾಣಂತಿಯರು ಒತ್ತುವ ಬೆಲ್ಲಿನ ಸದ್ದು ಕೇಳಿದರೆ ಸಾಕು, ಕೈ ನಡುಗುತ್ತಿತ್ತು. ಮ್ಯಾನೇಜರಿಗೆ ಇನ್ನೊಬ್ಬ ಆಯಾಳಿಗಿಂತ ಅಗ್ಗದ ಔಷಧಿಯೊಂದು ಸಿಕ್ಕಿತು: ಗುರುವಾರದ ಕ್ಲಾಸು. ವಿಲಾಯಿತಿಯಲ್ಲಿ ಮನೋವೈದ್ಯಕೀಯ ಓದಿ ಬಂದ ಡಾಕ್ಟರ್ ಜಗದಾಂಬಾ ಅದನ್ನು ಪುಕ್ಕಟೆ ನಡೆಸಿಕೊಡುತ್ತಿದ್ದರು. ಆಯಾಗಳು, ನರ್ಸುಗಳು ದುಂಡಗೆ ಕೂರಬೇಕು, ತಲೆಯಲ್ಲಿರುವ ಹೆದರಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಅದು ನಿಜವೋ ಸುಳ್ಳೋ ಪರೀಕ್ಷೆ ಮಾಡಬೇಕು. ಆಹಾ, ದುಡಿದು ಸುಸ್ತಾದವಳಿಗೆ ಮೇಲೊಂದು ಹೋಂವರ್ಕು!

"ನಾನು ಕೂತ್ರೆ ವಾರ್ಡು ನಡೆಯಾಕಿಲ್ಲ" ಎಂದು ಗಂಗಲಕ್ಷ್ಮಮ್ಮ ಬರೆದು, ಗಟ್ಟಿಯಾಗಿ ಓದಿದಳು.

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ನಕ್ಕರು. "ಎಲ್ರಿಗೂ ಹಂಗೇ ಅನ್ಸತ್ತೆ. ಅದು ನಿನ್ನ ಭ್ರಮೆ ಕಣಮ್ಮ."

ಜಗದಾಂಬಾ ನಗಲಿಲ್ಲ. "ಪರೀಕ್ಷೆ ಮಾಡೇಬಿಡೋಣ. ಸೋಮವಾರ ಹತ್ತರಿಂದ ಹನ್ನೊಂದರವರೆಗೆ ಸುಮ್ನೆ ಕೂತಿರಿ, ಏನಾಗತ್ತೆ ಅಂತ ಬರೀರಿ. ಒಪ್ತೀರಾ ಸಾರ್?"

ಅಷ್ಟು ಜನ ಹೆಂಗಸರ ಮುಂದೆ ಸೋಮಲಿಂಗಪ್ಪ ಇಲ್ಲ ಎನ್ನುವುದುಂಟೇ? "ಧಾರಾಳವಾಗಿ" ಎಂದರು.

ಸೋಮವಾರ ಹತ್ತಕ್ಕೆ ಅವಳು ವಾರ್ಡಿನ ಬಾಗಿಲ ಬೆಂಚಿನ ಮೇಲೆ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ಡ್ಯೂಟಿಯಲ್ಲಿ ಬಿಸಿ ಕಾಫಿ ಕುಡಿದಳು. ಹತ್ತೂಕಾಲಿಗೆ ಮೂರು ಬೆಲ್ಲು ಒಟ್ಟಿಗೆ ಬಡಿದುಕೊಂಡವು. ಬಾಣಂತಿಯರ ಅಮ್ಮಂದಿರು ಆಫೀಸಿಗೆ ನುಗ್ಗಿ ಮ್ಯಾನೇಜರನ್ನೇ ಎಳೆದು ತಂದರು. ಗರಿಗರಿ ಬಿಳಿ ಪ್ಯಾಂಟಿನ ಸೋಮಲಿಂಗಪ್ಪ ತುಂಬಿದ ಬೆಡ್‌ಪ್ಯಾನನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಹೊರಟವರು ಒದ್ದೆ ನೆಲದಲ್ಲಿ ಜಾರಿದರು. ಪ್ಯಾಂಟಿನ ಗತಿ ಬೇರೆ ಹೇಳಬೇಕೇ?

"ಏಳಮ್ಮ ತಾಯಿ!" ಎಂದು ಕಿರುಚಿದರು.

ಕೆಲಸವೇ ಹೋದರೆ ಎಂದು ಗಂಗಲಕ್ಷ್ಮಮ್ಮನಿಗೆ ಹೆದರಿಕೆ. ಆದರೂ ಏಳಲಿಲ್ಲ. "ಇನ್ನೂ ಇಪ್ಪತ್ತು ನಿಮಿಷ ಐತೆ ಸಾರ್. ಡಾಕ್ಟ್ರಮ್ಮ ಹೇಳವ್ರೆ."

ಗುರುವಾರ ಜಗದಾಂಬಾ ಅವಳ ನೋಟ್‌ಬುಕ್ ಓದಿ, ಕೆಳಗೆ ಬರೆದು ಆಫೀಸಿಗೆ ಕಳಿಸಿದರು: "ಈಕೆಯ ಯೋಚನೆ ಸರಿಯಾಗಿಯೇ ಇದೆ. ಔಷಧಿ: ಇನ್ನೊಬ್ಬ ಆಯಾ." ಬಾಣಂತಿಯರ ಅಮ್ಮಂದಿರ ಬಾಯಿಗೆ ಹೆದರಿದ್ದ ಸೋಮಲಿಂಗಪ್ಪ ಮರುದಿನವೇ ಪಾಪಮ್ಮ ಎಂಬಾಕೆಯನ್ನು ಕೆಲಸಕ್ಕೆ ತೆಗೆದುಕೊಂಡರು. ಗಂಗಲಕ್ಷ್ಮಮ್ಮನ ಕೈ ನಡುಕ ನಿಂತಿತು.

ಮುಂದಿನ ಗುರುವಾರ ಉಳಿದ ವಾರ್ಡುಗಳ ಏಳು ಆಯಾಗಳೂ ಹೊಸ ನೋಟ್‌ಬುಕ್ ಹಿಡಿದು ಬಂದರು. "ಮೇಡಂ, ನಮ್ಗೂ ಅದೇ ಹೋಂವರ್ಕ್ ಕೊಡಿ."

ಎಲ್ಲ ಹೆಂಗಸರೂ ಪೂರ್ತಿ ಗುಣವಾಗಿದ್ದಾರೆ ಎಂದು ಆ ಸಂಜೆಯೇ ನೋಟೀಸು ಅಂಟಿಸಿ, ಸೋಮಲಿಂಗಪ್ಪ ಕ್ಲಾಸು ನಿಲ್ಲಿಸಿದರು.