ಸೇವಂತಿಗೆಗೆ ದೀಪ ಆರಿಸಿದ್ದು

ಕೊಳ್ಳೇಗಾಲದ ನಮ್ಮ ಮೊದಲ ದಿನ, ಬೆಳಗಿನ ಒಂಬತ್ತು ಗಂಟೆಗೆ, ಅವ್ವ ಮಂಚದ ಮೇಲೆ ಎದ್ದು ಕೂತು "ಬೆಳಕರೀತಾ ಮಗಾ, ಇನ್ನೂ ಇಲ್ವಾ?" ಎಂದು ಕೇಳಿದಳು. ಹೊರಗೆ ಬೀದಿಯಲ್ಲಿ ಬಿಸಿಲು ಸುರಿಯುತ್ತಿತ್ತು. ನಮ್ಮ ಕೋಣೆಯಲ್ಲಿ ಮಾತ್ರ ಸೂಜಿಗೆ ದಾರ ಪೋಣಿಸುವಷ್ಟೂ ಬೆಳಕಿರಲಿಲ್ಲ. ಗೋಡೆಯಾಚೆ ಮಗ್ಗ ಸದ್ದು ಮಾಡುತ್ತಿತ್ತು. ಅವ್ವ ಅದನ್ನು ಮಳೆ ಎಂದುಕೊಂಡಿದ್ದಳು.

ಗೋಪಿನಾಥಂನ ನನ್ನ ಜನರೇ, ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಕೂತರೆ ಕೈ ಓಡುವುದಿಲ್ಲ. ಅವ್ವನ ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು. ನಮ್ಮೂರಿಗಿರುವ ಬಸ್ಸುಗಳ ಕಥೆ ನಿಮಗೇ ಗೊತ್ತು. ಬೆಟ್ಟ ಹತ್ತಿ ಇಳಿದು ಹನೂರು ದಾಟುವಷ್ಟರಲ್ಲಿ ಅವ್ವ ಹೈರಾಣಾಗುತ್ತಿದ್ದಳು. ಅದಕ್ಕೇ ಆಸ್ಪತ್ರೆಗೆ ಹತ್ತಿರವೆಂದು ನೇಕಾರರ ಬೀದಿಯಲ್ಲಿ ಹಿಂಬದಿಯ ಒಂದು ಕೋಣೆ ಹಿಡಿದೆ. ನನಗೆ ಮಧುವನಹಳ್ಳಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು.

ಊರಲ್ಲಿ ನಮ್ಮ ಮನೆಗೆ ಬಾಗಿಲಿದ್ದದ್ದು ನಾಯಿ ನುಗ್ಗದಿರಲಿ ಎಂದಷ್ಟೆ. ಇಲ್ಲಿ ಮನೆಗಳು ಒಂದರ ಗೋಡೆಯನ್ನು ಇನ್ನೊಂದು ಹಂಚಿಕೊಂಡು ಉದ್ದಕ್ಕೆ ಮಲಗಿವೆ. ಮುಂದಿನ ಬೆಳಕೆಲ್ಲ ಮಗ್ಗಕ್ಕೆ ಮೀಸಲು. ನಮ್ಮ ಪಾಲಿಗೆ ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಕಾವೇರಿ ಪಕ್ಕದಲ್ಲಿ ಹುಟ್ಟಿ, ಹೊಳೆಮೀನು ತಿಂದು ಬೆಳೆದ ಅವ್ವನಿಗೆ ಇಲ್ಲಿ ಕುಡಿಯುವ ನೀರನ್ನೂ ನಾನು ಲೋಟದಲ್ಲಿ ಅಳೆದು ಕೊಡುತ್ತೇನೆ. ಡಾಕ್ಟರು ಹೇಳಿದ್ದಾರೆ. ಅವ್ವ ಲೋಟದ ತಳ ನೋಡಿ ನನ್ನ ಮುಖ ನೋಡುತ್ತಾಳೆ.

"ಈ ಮನೇಲಿ ವೆಳಿಚ್ಚ ಇಲ್ಲ" ಎಂದು ಅವ್ವ ದಿನವೂ ಗೊಣಗುತ್ತಿದ್ದಳು. ಮನೆಯೊಡತಿ ರತ್ನಮ್ಮನಿಗೆ ಅದು ಅರ್ಥವಾಗದೆ, "ಎಳ್ಳಿನ ಚಿಗಳಿ ಬೇಕಂತಾ ಕಣವ್ವ?" ಎಂದು ನನ್ನನ್ನು ಕೇಳಿದರು. ವೆಳಿಚ್ಚ ಎಂದರೆ ಬೆಳಕು, ನಮ್ಮ ಗಡಿಯ ತಮಿಳು ಎಂದು ಹೇಳಿಕೊಟ್ಟೆ. ವೆಳಿಯೆ ಎಂದರೆ ಹೊರಗೆ. ಹೇಳಿಕೊಡುವಾಗಲೇ ನನಗೂ ಹೊಳೆದದ್ದು, ಅವ್ವನಿಗೆ ಬೆಳಕೂ ಹೊರಗೂ ಒಂದೇ ಬೇರಿನ ಮಾತು ಎಂದು.

ಊರಿಂದ ಬರುವಾಗ ಅವಳು ತಂದದ್ದು ಎರಡು ಸೀರೆ, ಮತ್ತೆ ಒಂದು ಒಡಕು ಬಿಂದಿಗೆಯಲ್ಲಿ ಹಿತ್ತಿಲ ಹಳದಿ ಸೇವಂತಿಗೆ. "ಇದು ಊ ಬಿಟ್ಟ ದಿನ ಊರ್ಗೆ ಓಗಾವ" ಎಂದಿದ್ದಳು. ನಾನು ಹೂಂ ಎಂದಿದ್ದೆ. ಗಿಡವನ್ನು ಜಗುಲಿಯ ಮೇಲಿಟ್ಟರೆ ಎರಡನೇ ದಿನಕ್ಕೇ ಬೀದಿ ಮೇಕೆ ತುದಿ ಮೇಯ್ದುಬಿಟ್ಟಿತು. ಒಳಗೆ ಅವ್ವನ ಮಂಚದ ಪಕ್ಕ ಇಟ್ಟರೆ ಎಲೆ ಬಿಳಿಚಿಕೊಂಡಿತು. ಜೊತೆಗೆ ಅವ್ವನೂ ಗೋಡೆ ಕಡೆ ತಿರುಗಿ ಮಲಗತೊಡಗಿದಳು.

ಒಳಾಂಗಣದ ಗಿಡಕ್ಕೆ ಬೇರೆಯದೇ ದೀಪವಿದೆ ಎಂದು ಮೊಬೈಲಿನಲ್ಲಿ ಓದಿ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಗಿಡಕ್ಕೆ ಹಾಕುವ ಲೈಟು ಕೊಡಿ ಎಂದರೆ ಅಂಗಡಿಯವನು ಹಬ್ಬಕ್ಕೆ ಕಟ್ಟುವ ಸೀರಿಯಲ್ ಸೆಟ್ ಹರವಿದ. "ಅಲ್ಲ, ಗಿಡ ಬೆಳೆಯೋಕೆ" ಎಂದೆ. "ಬಿಸ್ಲಿಗಿಡಿ ಮೇಡಂ, ಬಿಟ್ಟಿ ಬೀಳ್ತದೆ" ಎಂದು ನಕ್ಕ. ಕೊನೆಗೆ ಕೋಳಿಮರಿಗೆ ಶಾಖ ಕೊಡುವ ಬಲ್ಬು ತಂದು, ಅದು ನಾಲ್ಕು ಎಲೆ ಸುಟ್ಟ ಮೇಲೆ ನನಗೆ ಬುದ್ಧಿ ಬಂತು.

ಆಮೇಲೆ ಮೊಬೈಲಿನಲ್ಲೇ ತರಿಸಿದ್ದು ನೇರಳೆ ದೀಪ. ಗಿಡಕ್ಕೆ ಕೆಂಪು, ನೀಲಿ ಬೆಳಕು ಸಾಕಂತೆ. ಹಾಕಿದೊಡನೆ ಕೋಣೆ ಆರ್ಕೆಸ್ಟ್ರಾ ಸ್ಟೇಜಿನಂತಾಯಿತು. ಅವ್ವ ಗಿಡ ನೋಡಿ ಗಾಬರಿಬಿದ್ದಳು. "ಎಲೆ ಕಪ್ಪಗಾಯ್ತಲ್ಲ ಮಗಾ, ಸತ್ತೋಯ್ತಾ?" ಎಷ್ಟು ಹೇಳಿದರೂ ಕೇಳಲಿಲ್ಲ. ಸದ್ದು ಕೇಳಿ ಬಂದ ರತ್ನಮ್ಮ ಒಳಗಿನಿಂದ ಗಿಳಿಹಸಿರು ರೇಷ್ಮೆ ನೂಲಿನ ಒಂದು ಲಡಿ ತಂದು ದೀಪಕ್ಕೆ ಹಿಡಿದರು. ಅದು ಮಸಿಬಟ್ಟೆಯಂತೆ ಕಂಡಿತು.

"ನಾವು ಬಣ್ಣನ ಬೀದಿ ಬಿಸ್ಲಿಗೆ ಇಡ್ದು ನೋಡ್ದೆ ಮಗ್ಗಕ್ಕೆ ಆಕಲ್ಲ ಕಣವ್ವ. ಬಣ್ಣದ ಬಗ್ಗೆ ಸುಳ್ಳೇಳೋ ಬೆಳಕು ಮನೇಲಿರ್ಬಾರ್ದು" ಎಂದರು.

ಮುಂದಿನ ಭಾನುವಾರ ಅದೇ ಲಡಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ರತ್ನಮ್ಮ ನನ್ನ ಜೊತೆ ಅಂಗಡಿಗೆ ಬಂದರು. ಅಂಗಡಿಯವನು ಒಂದೊಂದೇ ಎಲ್‌ಇಡಿ ಹೊತ್ತಿಸಬೇಕು, ಇವರು ರೇಷ್ಮೆ ಹಿಡಿಯಬೇಕು. "ಇದು ಅಳದಿ ಒಡೀತದೆ. ಇದು ಬೂದಿ." ಐದನೆಯದಕ್ಕೆ ಗಿಳಿಹಸಿರು ಗಿಳಿಯಾಗಿಯೇ ಕಂಡಿತು. ಹಗಲಿನಂಥ ಬಿಳಿ ಬೆಳಕು. ಗಿಡದ ಮೇಲೆ ಒಂದು ಗೇಣು ಎತ್ತರಕ್ಕೆ ನೇತುಹಾಕಿದೆವು. ಈ ಊರಿಗೆ ಬಂದ ಮೇಲೆ ನಾನು ಗೆದ್ದೆ ಎನಿಸಿದ್ದು ಅದೊಂದೇ ದಿನ. ಅವ್ವ ಗೋಡೆ ಬಿಟ್ಟು ಈಚೆ ತಿರುಗಿದಳು.

ಬೆಳಕು ಒಳ್ಳೆಯದೆಂದ ಮೇಲೆ ಹೆಚ್ಚು ಬೆಳಕು ಇನ್ನೂ ಒಳ್ಳೆಯದು ಎಂದುಕೊಂಡೆ. ಹಗಲೂ ರಾತ್ರಿಯೂ ಅದನ್ನು ಉರಿಯಲು ಬಿಟ್ಟೆ. ಗಿಡ ಪೊದೆಯಾಯಿತು. ಎಲೆಯೋ ಎಲೆ. ಎರಡು ತಿಂಗಳಾದರೂ ಒಂದು ಮೊಗ್ಗಿಲ್ಲ.

ಆಸ್ಪತ್ರೆಯಲ್ಲಿ ಅವ್ವನ ಪಕ್ಕದ ಹಾಸಿಗೆಯ ಹೆಂಗಸಿನ ಗಂಡ ಪುಟ್ಟಸ್ವಾಮಿ ಯಳಂದೂರು ಕಡೆಯ ಮಾಂಬಳ್ಳಿಯವರು, ಸೇವಂತಿಗೆ ಬೆಳೆಯುವವರು. ಅವ್ವ ಸೂಜಿ ಚುಚ್ಚಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದಾಗ ಅವರಿಗೆ ಗಿಡದ ಕಥೆ ಹೇಳಿದೆ. ಅವರು ಹಣೆ ಬಡಿದುಕೊಂಡರು.

"ಅಯ್ಯೋ, ರಾತ್ರೀನೂ ಲೈಟಾಕುದ್ರೆ ಊ ಎಲ್ಬತ್ತದೆ ಮೇಡಂ? ರೇಟ್ ಬರೋಗಂಟ ಮೊಗ್ಗು ತಡೀಲಿ ಅಂತ್ಲೇ ನಾವು ವಲ್ದಲ್ಲಿ ಬಲ್ಬ್ ಕಟ್ಟೋದು ಕಣ್ರಿ. ಕತ್ಲು ಕಂಡ್ರೇ ಅದು ಮೊಗ್ಗು ಕಟ್ಟೋದು. ರಾತ್ರಿ ಆರ್ಸಿ, ತಿಂಗ್ಳಲ್ಲಿ ಮೊಗ್ಗು ನೋಡಿ."

ಅಂದು ಸಂಜೆ ಸ್ವಿಚ್ಚಿನ ಹತ್ತಿರ ಹೋದೆ. ಹೂ ಬಿಟ್ಟ ದಿನ ಊರಿಗೆ ಎಂದು ಹೂಂಗುಟ್ಟಿದವಳು ನಾನೇ. ಅವ್ವನ ಹಟ ನನಗೆ ಗೊತ್ತು, ಹೋದರೆ ಮರಳಿ ಬರುವವಳಲ್ಲ. ಅಲ್ಲಿ ಹೊಳೆ ಇದೆ, ನೀವಿದ್ದೀರಿ, ಡಯಾಲಿಸಿಸ್ ಮಿಷನ್ ಇಲ್ಲ. ಅದಿಲ್ಲದೆ ಹೆಚ್ಚು ವಾರ ತಳ್ಳುವುದಿಲ್ಲ ಎಂದು ಡಾಕ್ಟರು ನನಗೊಬ್ಬಳಿಗೇ ಹೇಳಿದ್ದಾರೆ. ನಾನು ಸ್ವಿಚ್ ಮುಟ್ಟದೆ ಬಂದೆ. ಮಾರನೇ ದಿನವೂ, ಅದರ ಮಾರನೇ ದಿನವೂ. ಸುಳ್ಳು ಹೇಳದ ಬೆಳಕನ್ನೇ ಹುಡುಕಿ ತಂದು, ಅದರ ಕೆಳಗೆ ನಾನೇ ಸುಳ್ಳಾಡಿದೆ. ನಾಚಿಕೆಯಾಗುತ್ತಿತ್ತು. ಆದರೂ ಮೂರು ವಾರ ಹಾಗೇ ನಡೆಸಿದೆ.

ಒಂದು ಸಂಜೆ, ಗಾಜಿನ ಹೆಂಚಿನ ಬೆಳಕು ಕಂದುವ ಹೊತ್ತಿಗೆ, ಅವ್ವ ನನ್ನನ್ನು ಹತ್ತಿರ ಕರೆದಳು. ಸೂಜಿಯಿಂದ ಊದಿದ ಕೈಯಲ್ಲಿ ನನ್ನ ಕೈ ಹಿಡಿದಳು.

"ಆ ಮಾಂಬಳ್ಳಿಯವ್ರು ಯೋಳ್ದಾಗ ನಂಗೇನು ನಿದ್ದೆ ಬಂದಿತ್ತಾ ಮಗಾ? ಇವತ್ತು ಆರ್ಸಾಳು, ನಾಳೀಕೆ ಆರ್ಸಾಳು ಅಂತ ನೋಡ್ತಾನೇ ಇವ್ನಿ."

ನನಗೆ ಅಳು ಬಂತು.

"ಅದ್ಕೂ ರಾತ್ರಿ ಬೇಕು ಕಣ್ ಮಗಾ. ನಂಗೂ ಸಾಕಾಗದೆ. ದೀಪ ಆರ್ಸು."

ನಮ್ಮ ಮಾತಿನಲ್ಲಿ ಆರಿಸುವುದೆಂದರೆ ಆಯ್ದುಕೊಳ್ಳುವುದೂ ಹೌದು, ನಂದಿಸುವುದೂ ಹೌದು. ಮೊದಲನೆಯದಕ್ಕೆ ರತ್ನಮ್ಮ ಜೊತೆಗಿದ್ದರು. ಎರಡನೆಯದನ್ನು ನಾನೊಬ್ಬಳೇ ಮಾಡಿದೆ.

ಈಗ ಮೊಗ್ಗುಗಳು ಮೆಣಸಿನ ಕಾಳಿನಷ್ಟಾಗಿವೆ. ಅವ್ವ ಬೆಳಗ್ಗೆ ಬೆರಳಲ್ಲಿ ಮುಟ್ಟಿ ಮುಟ್ಟಿ ತಮಿಳಿನಲ್ಲಿ ಎಣಿಸುತ್ತಾಳೆ. ರತ್ನಮ್ಮ ಬಾಗಿಲಲ್ಲಿ ನಿಂತು, "ಇವತ್ತು ವೆಳಿಚ್ಚ ಚೆಂದಾಗದೆ ಅಲ್ವಾ ಅಮ್ಮ?" ಎನ್ನುತ್ತಾರೆ. ಶಾಲೆಯಲ್ಲಿ ಮಕ್ಕಳು ಮುಂದಿನ ವರ್ಷವೂ ನೀವೇ ಬನ್ನಿ ಎನ್ನುತ್ತಾರೆ. ಈ ಕತ್ತಲ ಕೋಣೆಯನ್ನೂ ಬಿಟ್ಟು ಹೋಗಲು ಇಷ್ಟು ಕಷ್ಟವಾದೀತು ಎಂದು ನಾನು ಅಂದುಕೊಂಡಿರಲಿಲ್ಲ.

ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಬಾ ಎಂದು ಅವ್ವ ಹೇಳಿ ನಾಲ್ಕು ದಿನವಾಯಿತು. ನಾನು ಅಂದೇ ನಿಲ್ದಾಣಕ್ಕೆ ಹೋಗಿ ಕೇಳಿ ಬಂದಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.